ಹೂತುಹೋದ ಎರಡನೆಯ ಸಾಲು

ಜೂನ್ 4

ತಮ್ಮಯ್ಯಾ,

ನಾನು ಕ್ಷೇಮ. ನೀನೂ ಹಾಗೇ ಇದ್ದೀಯೆಂದು ನಂಬಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನನಗೊಂದು ಬೋರ್ಡು ಬೇಕು.

ನಮ್ಮ ಓಣಿಯ ಮೂಲೆ ನಿನಗೆ ನೆನಪಿರಬೇಕು. ನಾವು ಚಿಕ್ಕವರಿದ್ದಾಗ ಅಲ್ಲಿ ಒಂದು ಮರ, ಅದರಡಿ ಕಲ್ಲುಬೆಂಚು, ಪಕ್ಕದಲ್ಲಿ ಬೀದಿ ನಲ್ಲಿ ಇದ್ದವು. ಯಾರೋ ದೊಡ್ಡ ಮನುಷ್ಯರು ಒಂದು ಗಳಿಗೆ ಬಂದುಹೋಗುತ್ತಾರೆಂದು ರಸ್ತೆ ಅಗಲ ಮಾಡಲು ನಗರಸಭೆಯವರು ಮರ ಕಡಿದರು. ದೊಡ್ಡ ಮನುಷ್ಯರು ಬೇರೆ ದಾರಿಯಲ್ಲಿ ಹೋದರು. ರಸ್ತೆ ಅಗಲವಾಗಲಿಲ್ಲ. ಆಮೇಲೆ ಬೆಂಚು ಕಾಣೆಯಾಯಿತು, ಅದರ ಹಿಂದೆಯೇ ನಲ್ಲಿಯೂ ಹೋಯಿತು. ಉಳಿದದ್ದು ಖಾಲಿ ಜಾಗ. ಖಾಲಿ ಜಾಗಕ್ಕೆ ಬಂದದ್ದು ಕಸ. ಇದನ್ನೆಲ್ಲ ನಾನು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ ಓದುಗರ ಪತ್ರಗಳ ಅಂಕಣಕ್ಕೆ ಎಷ್ಟು ಸಲ ಬರೆದಿಲ್ಲ! ನಾನೇ ಬರೆದು, ನಾನೇ ಕರಡು ತಿದ್ದಿ, ಅಚ್ಚಾದ ಮೇಲೆ ನಾನೇ ಓದುತ್ತಿದ್ದೆ. ಬೇರೆ ಯಾರೂ ಓದಿದ ಲಕ್ಷಣವಿರಲಿಲ್ಲ.

ಈಗ ಅಲ್ಲಿ ನಗರಸಭೆಯ ಬೋರ್ಡಿದೆ: "ಇಲ್ಲಿ ಕಸ ಹಾಕಬಾರದು." ಜನ ಕಸದ ಚೀಲವನ್ನು ಆ ಬೋರ್ಡಿಗೇ ಒರಗಿಸಿ ಇಡುತ್ತಾರೆ, ಬೀಳದಿರಲಿ ಎಂದು. ಮಿಕ್ಕವರು ಸ್ಕೂಟರು ನಿಲ್ಲಿಸದೆಯೇ ಎಸೆಯುತ್ತಾರೆ. ನಿನ್ನೆ ಒಂದು ಚೀಲ ನನ್ನ ಚಪ್ಪಲಿಯ ಮುಂದೆಯೇ ಒಡೆಯಿತು. ಬೇಡ ಎಂದು ಹೇಳಿದ್ದು ಸಾಕು, ಇನ್ನು ಇವರನ್ನು ನಾಚಿಸಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಬೋರ್ಡಿನಲ್ಲಿ ಎರಡು ಸಾಲು ಇರಲಿ:

ಇಲ್ಲಿ ಕಸ ಹಾಕಬಹುದು
ಎಂದು ನಿಮಗೆ ಹೇಳಿದವರು ಯಾರು?

ಓದಿದವನ ಮುಖ ಹೇಗಾಗಬೇಕು ಯೋಚಿಸು! ಪ್ರಶ್ನಾರ್ಥಕ ಚಿಹ್ನೆ ಮರೆಯಬೇಡ.

ಇತಿ,
ನಿನ್ನ ಅಕ್ಕ

*

ಜೂನ್ 13

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ತಲುಪಿತು. ಬೋರ್ಡು ಬರೆದು ಮುಗಿಸಿ ಲಾರಿಗೆ ಹಾಕಿದ್ದೇನೆ.

ಒಂದು ಮಾತು. ಬೋರ್ಡು ಅಂದರೆ ಸ್ಕೂಟರಿನಲ್ಲಿ ಹೋಗುವವನು ಓದುವಂಥದ್ದು. ನೀನು ಕಳಿಸಿದ್ದು ಕುರ್ಚಿ ಹಾಕಿಕೊಂಡು ಓದುವಂಥದ್ದು. ನಾನು ಈ ಕೈಯಲ್ಲಿ ಎಷ್ಟು "ಬಾರದು" ಬರೆದಿದ್ದೇನೋ ಲೆಕ್ಕವಿಲ್ಲ. ಉಗುಳಬಾರದು, ಒರಗಬಾರದು, ಅಂಟಿಸಬಾರದು. ಅದು ಮೊಂಡು, ಆದರೆ ಚಿಕ್ಕದು. ವ್ಯಂಗ್ಯಕ್ಕೆ ತಗಡು ಜಾಸ್ತಿ ಬೇಕಾಗುತ್ತದೆ. ಇದ್ದ ತಗಡಿನಲ್ಲಿ ಮೊದಲ ಸಾಲು ದೊಡ್ಡದಾಗಿ ಕೂತಿತು, ಎರಡನೆಯದನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಕೂರಿಸಿದೆ. ಬೋರ್ಡಿನ ಕಾಲು ಸ್ವಲ್ಪ ಗಿಡ್ಡ. ನೀನೇ ಎದುರಿಗೆ ನಿಂತು ನೆಡಿಸು.

ಊರಿಗೆ ಬಾ ಅಂತ ನೀನು ಪ್ರತಿ ಪತ್ರದಲ್ಲೂ ಬರೆಯುತ್ತಿದ್ದೆ, ಈ ಸಲ ಬರೆದಿಲ್ಲ. ನಾನೂ ಬರುತ್ತೇನೆ ಅಂತ ಬರೆಯುವುದಿಲ್ಲ. ಕಳೆದ ಸಲ ಬಂದಾಗ ಬಸ್ಸಿಳಿದು ನಿನ್ನ ಮನೆ ಸೇರುವಷ್ಟರಲ್ಲಿ, ದಾರಿಯಲ್ಲಿದ್ದ ನನ್ನ ಹಳೆಯ ಬೋರ್ಡುಗಳ ಮುಂದೆಲ್ಲ ನೀನು ನನ್ನನ್ನು ನಿಲ್ಲಿಸಿ ತಪ್ಪು ತೋರಿಸಿದ್ದೆ. ಔಷಧಿ ಅಂಗಡಿಯವನ ಎದುರಿಗೇ!

ಈ ಪತ್ರದಲ್ಲಿ ತಪ್ಪಿದ್ದರೆ ಅಲ್ಲೇ ತಿದ್ದಿಕೋ. ಕೆಂಪು ಗುರುತು ಹಾಕಿ ವಾಪಸು ಕಳಿಸಬೇಡ.

ನಿನ್ನ ತಮ್ಮ

*

ಜುಲೈ 9

ತಮ್ಮಯ್ಯಾ,

ಅನರ್ಥವಾಗಿದೆ!

ಬೋರ್ಡು ಬಂದಾಗ ನಾನು ಊರಲ್ಲಿರಲಿಲ್ಲ. ಮಗಳ ಮನೆಗೆ ಹೋಗಿದ್ದೆ, ಮಗು ನೋಡಿಕೊಳ್ಳಲು. ಬೋರ್ಡನ್ನು ಎದುರು ಮನೆಯ ಟೈಲರಮ್ಮ ಇಳಿಸಿಕೊಂಡು, ನನಗೆ ಉಪಕಾರ ಮಾಡೋಣವೆಂದು ಗಾರೆಯವನನ್ನು ಕರೆಸಿ ಮೂಲೆಯಲ್ಲಿ, ಚೀಲಗಳ ಭಾರಕ್ಕೆ ಬಿದ್ದುಹೋಗಿದ್ದ ನಗರಸಭೆಯ ಬೋರ್ಡಿನ ಜಾಗದಲ್ಲೇ, ನೆಡಿಸಿದ್ದಾಳೆ. ಗಾರೆಯವನು ಒಳ್ಳೆಯ ಕೆಲಸಗಾರ, ಅದೇ ತೊಂದರೆ. ಗಾಳಿಗೆ ಅಲುಗದಂತೆ ಸುತ್ತ ಮೊಣಕಾಲೆತ್ತರದ ಸಿಮೆಂಟ್ ಕಟ್ಟೆ ಕಟ್ಟಿ, ಬೋರ್ಡಿನ ಕೆಳಭಾಗವನ್ನು ಅದರೊಳಗೆ ಇಳಿಸಿಬಿಟ್ಟಿದ್ದಾನೆ. ನಾನು ಬಂದು ನೋಡುತ್ತೇನೆ, ಹಳದಿ ತಗಡಿನ ಮೇಲೆ ನಿನ್ನ ದುಂಡು ಅಕ್ಷರಗಳಲ್ಲಿ ಉಳಿದಿರುವುದು ಇಷ್ಟೇ:

ಇಲ್ಲಿ ಕಸ ಹಾಕಬಹುದು

ನನ್ನ ಎರಡನೆಯ ಸಾಲು ಸಿಮೆಂಟಿನ ಹೊಟ್ಟೆಯಲ್ಲಿದೆ.

"ಏನಪ್ಪಾ ಇದು? ಕೆಳಗಿನ ಸಾಲು ಎಲ್ಲಿ?" ಎಂದೆ.

"ಯಾವ ಸಾಲು ಅಮ್ಮಾವ್ರೇ? ಕೆಳಗೆ ಸಣ್ಣದಾಗಿ ಏನೋ ಬರ್ದಿತ್ತು. ಪೇಂಟರು ತಮ್ಮ ಹೆಸರು, ಫೋನ್ ನಂಬರು ಹಾಕ್ಕೊಳ್ತಾರಲ್ಲ, ಅದು ಅಂದ್ಕೊಂಡೆ."

"ಪೇಂಟರ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರುತ್ತೇನಯ್ಯಾ?"

"ಅವರವರ ಇಷ್ಟ ಅಮ್ಮಾವ್ರೇ, ನಾವ್ಯಾಕೆ ಕೇಳೋಣ," ಎಂದು ನಗುತ್ತಾನೆ. ಒಡೆದು ತೆಗೆಯಲು ಹೇಳಿದರೆ, "ನಾನು ಹಾಕಿದ ಸಿಮೆಂಟು, ಅಷ್ಟು ಸುಲಭಕ್ಕೆ ಬಿಡಲ್ಲ. ದೊಡ್ಡ ಕೆಲಸ ಒಪ್ಕೊಂಡಿದೀನಿ, ಅದು ಮುಗಿಸಿ ಬರ್ತೀನಿ," ಎಂದ.

ಇಷ್ಟರ ಮೇಲೆ ಜನ ಕಸ ತಂದು ಹಾಕುತ್ತಿದ್ದಾರೆ. ಬಾರದು ಎಂದಾಗ ಯಾರಾದರೂ ಕೇಳಿದರೇ? ಬಹುದು ಎಂದ ತಕ್ಷಣ ಎಂಥ ವಿಧೇಯತೆ! ಟೈಲರಮ್ಮನೇ ಬಕೆಟ್ ಹಿಡಿದು ಹೊರಟಿದ್ದಳು. ತಡೆದರೆ, "ನೀವೇ ಅಲ್ವಾ ಅಕ್ಕಾ ಬೋರ್ಡ್ ಹಾಕಿಸಿದ್ದು?" ಎಂದು ಕೇಳುತ್ತಾಳೆ. ಬದುಕೆಲ್ಲ ಬೇರೆಯವರ ಅಚ್ಚಿನ ತಪ್ಪು ಹಿಡಿದವಳು ನಾನು. ಈಗ ಆಳೆತ್ತರದ ತಪ್ಪೊಂದು ನನ್ನ ಕಿಟಕಿಯ ಎದುರೇ ನಿಂತಿದೆ.

ಅಕ್ಕ

*

ಜುಲೈ 17

ಅಕ್ಕಾ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಪಕ್ಕದ ಸೈಕಲ್ ರಿಪೇರಿಯವನು ಪಂಪು ಬಿಟ್ಟು ಬಂದು ಇನ್ನೊಂದು ಸಲ ಓದಿಸಿದ.

ನನ್ನ ಕಸುಬಿನಲ್ಲಿ ಜನ ಪಾಲಿಸಿದ ಬೋರ್ಡು ಇದೊಂದೇ. ಅದನ್ನು ಒಡೆಸುತ್ತೀಯಾ? ಒಡೆಸುವುದಕ್ಕೆ ಮುಂಚೆ ಒಂದು ಕೆಲಸ ಮಾಡು. ಜನ ಹೇಗೆ ಕಸ ಹಾಕುತ್ತಾರೆ ಅಂತ ಕಿಟಕಿಯಲ್ಲಿ ಕೂತು ನೋಡು. ಹಾಕಿದರು ಅಂತ ಬೈಯಬೇಡ. ಹೇಗೆ ಅಂತ ಮಾತ್ರ ನೋಡು.

ತಮ್ಮ

*

ಆಗಸ್ಟ್ 6

ತಮ್ಮಯ್ಯಾ,

ನೋಡಿದೆ. ನೀನು ಹೇಳಿದೆಯೆಂದಲ್ಲ, ಕಿಟಕಿ ಇರುವುದೇ ಆ ಕಡೆಗೆ.

ಸ್ಕೂಟರಿನಿಂದ ಎಸೆಯುವುದು ನಿಂತಿದೆ. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕಟವಾಗುತ್ತದೆ. ಕದ್ದು ಹಾಕುವಾಗ ಎಸೆದು ಓಡಬೇಕಿತ್ತು. ಈಗ ಓಡುವ ಗರಜಿಲ್ಲವಲ್ಲ, ಬೆಳಿಗ್ಗೆ ಬಿಸಿಲಲ್ಲಿ ನಡೆದು ಬರುತ್ತಾರೆ, ಬಕೆಟ್ ಬಗ್ಗಿಸುತ್ತಾರೆ, ಎದುರಾದವರ ಹತ್ತಿರ ನಿಂತು ಮಾತಾಡುತ್ತಾರೆ. ಮಾತಾಡುವಾಗ ಪಕ್ಕದವರ ಬಕೆಟ್ ಕಾಣುತ್ತದೆ. ಅಲ್ಲಿಂದ ಶುರುವಾಯಿತು.

ಮೊದಲು ಟೈಲರಮ್ಮ ಯಾರಿಗೋ ಕೂಗಿದಳು: "ರೀ, ಕಸ ಹಾಕಬಹುದು ಅಂದಿದಾರೆ, ಪ್ಲಾಸ್ಟಿಕ್ ಹಾಕಬಹುದು ಅಂದಿದಾರಾ? ಓದೋಕ್ ಬರಲ್ವಾ?" ಓದಲು ಬರುವ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಅವತ್ತಿನಿಂದ ಕವರು, ಬಾಟಲಿ ಎಲ್ಲ ಬೇರೆ ಗೋಣಿಚೀಲಕ್ಕೆ. ಅದನ್ನು ಗುಜರಿಯವನು ಒಯ್ಯುತ್ತಾನೆ.

ಆಮೇಲೆ ಮೀಟರ್ ಮಾವ ಬಂದರು. ಕರೆಂಟು ಮೀಟರ್ ಓದುತ್ತಿದ್ದರಲ್ಲ, ಅವರೇ. ಕೆಲಸದಿಂದ ನಿವೃತ್ತರಾದರೂ ಮನೆಮನೆಯ ಲೆಕ್ಕ ಬಿಟ್ಟಿಲ್ಲ. ಈಗ ಬಕೆಟ್ಟುಗಳಲ್ಲಿ ಇಣುಕುತ್ತಾರೆ. "ಏನಮ್ಮಾ, ನಿಮ್ಮನೇದು ಈ ತಿಂಗಳು ಜಾಸ್ತಿ ಬಂದಿದೆ. ಅನ್ನ ಅಳತೆ ನೋಡಿ ಮಾಡಿ!" ಆ ಮನೆಯಾಕೆಗೆ ಸಿಟ್ಟು ಬಂತು. ಆದರೆ ಮಾರನೆಯ ದಿನ ಅವಳ ಬಕೆಟ್ ಅರ್ಧಕ್ಕಿಳಿದಿತ್ತು.

ವಾಸನೆ ಬರತೊಡಗಿದಾಗ ನನಗೆ ಸುಮ್ಮನಿರಲಾಗಲಿಲ್ಲ. ಗ್ರಂಥಾಲಯದಲ್ಲಿ ಗೊಬ್ಬರದ ಮೇಲಿನ ಪುಸ್ತಕ ತೆಗೆದು ಓದಿದೆ. ಹಸಿಯ ಮೇಲೆ ಒಣಗಿದ್ದು, ಒಣಗಿದ್ದರ ಮೇಲೆ ಹಸಿ. ಅಷ್ಟೇ ಗುಟ್ಟು. ಒಣ ಎಲೆಗೆ ಎಲ್ಲಿಗೆ ಹೋಗುವುದು? ಶಾಲೆಯ ಅಂಗಳದಲ್ಲಿ ದಿನಾ ಗುಡಿಸಿ ಸುಡುತ್ತಿದ್ದರಲ್ಲ, ಆ ಹೊಗೆಯ ಬಗ್ಗೆಯೂ ನಾನು ಹಿಂದೆ ಬರೆದಿದ್ದೆ. ಹೋಗಿ ಕೇಳಿದೆ. ಶಾಲೆಯವರು, "ತಗೊಂಡು ಹೋಗಿ, ನಮಗೂ ಬೆಂಕಿ ಕಾಯೋದು ತಪ್ಪುತ್ತೆ," ಎಂದರು. ಈಗ ಸುಡುವುದಿಲ್ಲ. ಎಷ್ಟು ಸಲ ಬರೆದು ಆಗದಿದ್ದದ್ದು ಒಂದು ಸಲ ಕೇಳಿದ್ದಕ್ಕೆ ಆಯಿತು. ಇದು ಸಿಟ್ಟು ಬರುವಂಥ ವಿಷಯವೋ ಅಲ್ಲವೋ, ನೀನೇ ಹೇಳು.

ಬೋರ್ಡು ಮಾತ್ರ ತಪ್ಪೇ. ಗಾರೆಯವನು ಬಂದ ದಿನ ಒಡೆಸುತ್ತೇನೆ.

ಅಕ್ಕ

*

ಆಗಸ್ಟ್ 15

ಅಕ್ಕಾ,

ಕರಡು ತಿದ್ದುವಾಗ ಒಂದು ಗುರುತು ಹಾಕುತ್ತಿದ್ದೆಯಲ್ಲ, ಹೊಡೆದುಹಾಕಿದ ಪದವನ್ನು ಮತ್ತೆ ಉಳಿಸಬೇಕಾದರೆ? ಅದರ ಕೆಳಗೆ ಚುಕ್ಕಿ ಇಟ್ಟು ಪಕ್ಕದಲ್ಲಿ ಏನೋ ಬರೆಯುತ್ತಿದ್ದೆ. ಚಿಕ್ಕವನಿದ್ದಾಗ ನಿನ್ನ ಮೇಜಿನ ಪಕ್ಕ ಕೂತು ನೋಡಿದ ನೆನಪು. ಏನದು?

ತಮ್ಮ

*

ಆಗಸ್ಟ್ 22

ತಮ್ಮಯ್ಯಾ,

"ಇರಲಿ." ಚುಕ್ಕಿ ಇಟ್ಟು ಅಂಚಿನಲ್ಲಿ "ಇರಲಿ" ಎಂದು ಬರೆಯಬೇಕು. ನಾನು ಅದನ್ನು ಬಳಸಿದ್ದು ಬಲು ಅಪರೂಪ. ಹೊಡೆದದ್ದನ್ನು ಹೊಡೆದಂತೆಯೇ ಬಿಡುವವಳು ನಾನು. ಯಾಕೆ ಕೇಳುತ್ತಿದ್ದೀ ಎಂದು ನನಗೆ ಗೊತ್ತಾಗುವುದಿಲ್ಲವೇ? ಜಾಣತನ ಸಾಕು.

ಅಕ್ಕ

*

ಅಕ್ಟೋಬರ್ 20

ತಮ್ಮಯ್ಯಾ,

ಬಹಳ ದಿನ ಬರೆಯಲಿಲ್ಲ. ಪುರುಸೊತ್ತೇ ಸಿಗಲಿಲ್ಲ.

ಬೆಳಗಿನ ಚಳಿಯಲ್ಲಿ ಗುಡ್ಡೆಯನ್ನು ಕೆದಕಿದರೆ ಆವಿ ಏಳುತ್ತದೆ. ಮೀಟರ್ ಮಾವ ಕೈಯೊಡ್ಡಿ ಕಾಯಿಸಿಕೊಂಡು, "ಬಿಲ್ ಇಲ್ಲದ ಹೀಟರು" ಎನ್ನುತ್ತಾರೆ. ಮೊದಲ ಗುಡ್ಡೆ ಕಳಿತು ಮಣ್ಣಾಯಿತು. ಕಪ್ಪಗೆ, ಪುಡಿಪುಡಿಯಾಗಿ ಇದೆ, ಮಳೆ ಬಿದ್ದ ನೆಲದಂತೆ ಘಮ್ಮೆನ್ನುತ್ತದೆ. ಎಲ್ಲರೂ ಬಕೆಟ್ಟಿನಲ್ಲಿ ತಂದದ್ದನ್ನು ಬಕೆಟ್ಟಿನಲ್ಲೇ ಹಂಚಿಕೊಂಡರು. ಮನೆ ಮುಂದಿನ ಡಬ್ಬಗಳಲ್ಲಿ ಟೊಮೆಟೊ, ಸೊಪ್ಪು. ನನ್ನ ಕಿಟಕಿಯಲ್ಲಿ ಬದನೆ ಹೂ ಬಿಟ್ಟಿದೆ. ಯಾರೋ ಹಾಕಿದ ಕೊಳೆತ ಕುಂಬಳದ ಬೀಜ ತಾನಾಗಿ ಹುಟ್ಟಿ ನಿನ್ನ ಬೋರ್ಡಿನ ಮೇಲೆ ಹಬ್ಬಿದೆ. ಗಾರೆಯವನು ಬಂದಿದ್ದ, ಒಡೆಯಲು ಸುತ್ತಿಗೆಯನ್ನೂ ತಂದಿದ್ದ. ಬಳ್ಳಿಯಲ್ಲಿ ಕಾಯಿ ಕಚ್ಚಿತ್ತು. ಮುಂದೆ ನೋಡೋಣ ಎಂದು ಕಳಿಸಿದೆ. ತನ್ನ ದೊಡ್ಡ ಕೆಲಸದಲ್ಲಿ ಉಳಿದ ಇಟ್ಟಿಗೆ ತಂದು ಜೋಡಿಸಿ ಅಲ್ಲೊಂದು ಬೆಂಚು ಕಟ್ಟಿಕೊಟ್ಟು ಹೋದ. ಹಳೆಯ ಕಲ್ಲುಬೆಂಚು ಇದ್ದ ಜಾಗದಲ್ಲೇ. ಅವನಿಗೆ ನಾನು ಹೇಳಿರಲಿಲ್ಲ.

ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ನಗರಸಭೆಗೆ ನಿದ್ದೆ ಬರುತ್ತದೆಯೇ? ನೋಟಿಸು ಬಂದಿದೆ. ಓಣಿಯ ಕೊನೆಯ ಮನೆಯವರಿಗೆ ಎರಡನೆಯ ಕಾರು ನಿಲ್ಲಿಸಲು ಜಾಗ ಬೇಕಾಗಿದೆ, ಅವರು ದೂರು ಕೊಟ್ಟಿದ್ದಾರೆ. ಈ ತಿಂಗಳ ಕೊನೆಯೊಳಗೆ "ಸದರಿ ಸ್ಥಳದಲ್ಲಿರುವ ಕಸವನ್ನು ತೆರವುಗೊಳಿಸತಕ್ಕದ್ದು." ತಪ್ಪಿದರೆ ಬೇಲಿ ಹಾಕಿ, ನೆಲಕ್ಕೆ ಕಾಂಕ್ರೀಟು ಸುರಿದು, ವಾಹನ ನಿಲ್ದಾಣ ಮಾಡುತ್ತಾರಂತೆ. ಆರೋಗ್ಯ ನಿರೀಕ್ಷಕರು ಖುದ್ದಾಗಿ ಬಂದು ನೋಡುತ್ತಾರಂತೆ.

ಮರ ಕಡಿದಾಗ ನಾನು ಬಾಗಿಲಲ್ಲಿ ನಿಂತು ನೋಡಿದವಳು, ಮಾಡಲು ಏನೂ ಇರಲಿಲ್ಲ. ಅದೇ ಮೂಲೆ ಎರಡನೆಯ ಸಲ ಹೋಗುವುದನ್ನು ನನ್ನಿಂದ ನೋಡಲಾಗದು. ಟೈಲರಮ್ಮ ರಾತ್ರಿ ಊಟ ಸೇರುವುದಿಲ್ಲ ಎನ್ನುತ್ತಾಳೆ. ಮೀಟರ್ ಮಾವ ಮಾತ್ರ ಗುಡ್ಡೆಗೆ ಎಲೆ ಹಾಕುತ್ತಲೇ ಇದ್ದಾರೆ, ಬೇಲಿಯ ಮಾತೇ ಬಾರದಂತೆ.

ಬೋರ್ಡಿಗೆ ಯಾರ ಅನುಮತಿಯೂ ಇಲ್ಲವೆಂಬುದು ನನಗೂ ನಿನಗೂ ಗೊತ್ತು. ಏನು ಹೇಳಲಿ ಅವರಿಗೆ?

ಅಕ್ಕ

*

ಅಕ್ಟೋಬರ್ 25

ಅಕ್ಕಾ,

ಏನೂ ಹೇಳಬೇಡ. ನೋಡಲಿ. ನೀನು ನೋಡಿದ್ದು ಹಾಗೇ ಅಲ್ಲವೇ?

ಕೋಪ ಬಂದರೆ ಕಾಯಿ ಎಣಿಸು.

ತಮ್ಮ

*

ನವೆಂಬರ್ 2

ತಮ್ಮಯ್ಯಾ,

ಕೂತುಕೊಂಡು ಓದು. ಸೈಕಲ್ ರಿಪೇರಿಯವನನ್ನೂ ಕರೆದುಕೋ.

ನಿರೀಕ್ಷಕರು ಮೊನ್ನೆ ಬೆಳಿಗ್ಗೆ ಬಂದರು. ವಯಸ್ಸು ಚಿಕ್ಕದು, ಕೈಯಲ್ಲಿ ಕರವಸ್ತ್ರ, ಮೂಗು ಮುಚ್ಚಿಕೊಳ್ಳಲು ಮೊದಲೇ ಸಿದ್ಧ ಮಾಡಿಕೊಂಡಿದ್ದರು. ಓಣಿಯವರೆಲ್ಲ ಬಕೆಟ್ ಸಮೇತ ಹೊರಗೆ ನಿಂತಿದ್ದರು. ಕೊನೆಯ ಮನೆಯವರು ಕಾರಿನ ಪಕ್ಕ ನಿಂತಿದ್ದರು. ನಾನು ತುಟಿ ಬಿಗಿಹಿಡಿದು ಕಾಯಿ ಎಣಿಸುತ್ತಿದ್ದೆ. ನಿರೀಕ್ಷಕರು ನೇರ ಬೋರ್ಡಿನ ಹತ್ತಿರ ಹೋಗಿ, ಕುಂಬಳದ ಎಲೆ ಸರಿಸಿ ಓದಿದರು. ಮುಖ ಕೆಂಪಾಯಿತು. ನಮ್ಮ ಕಡೆ ತಿರುಗಿ ಜೋರಾಗಿ ಕೇಳಿದರು:

"ಇಲ್ಲಿ ಕಸ ಹಾಕಬಹುದು ಅಂತ ನಿಮಗೆ ಹೇಳಿದವರು ಯಾರು?"

ತಮ್ಮಯ್ಯಾ! ಅಕ್ಷರಕ್ಕೆ ಅಕ್ಷರ! ನನ್ನ "ಎಂದು" ಅವರ ಬಾಯಲ್ಲಿ "ಅಂತ" ಆಯಿತು, ಅಷ್ಟೇ ವ್ಯತ್ಯಾಸ. ಸಿಮೆಂಟಿನೊಳಗೆ ಹೂತುಹೋಗಿದ್ದ ನನ್ನ ಎರಡನೆಯ ಸಾಲು ನಗರಸಭೆಯ ಬಾಯಿಂದ ಹೊರಗೆ ಬಂತು, ಪ್ರಶ್ನಾರ್ಥಕ ಚಿಹ್ನೆಯ ಸಮೇತ. ನನಗೆ ನಗು ತಡೆಯಲಾಗಲಿಲ್ಲ. ಹೂತ ಸಾಲು ಯಾವುದೆಂದು ನನ್ನಿಂದ ಕೇಳಿ ತಿಳಿದಿದ್ದ ಗಾರೆಯವನಿಗೂ ಹೊಳೆಯಿತು, ಅವನು ಹಣೆ ಬಡಿದುಕೊಂಡು ನಕ್ಕ. ನಿರೀಕ್ಷಕರು, "ನಗೋ ವಿಷಯ ಅಲ್ಲಮ್ಮಾ ಇದು. ಕೇಳ್ತಾ ಇದೀನಿ, ಯಾರು ಹೇಳಿದ್ದು?" ಎಂದು ಗದರಿದರು.

ನಾನು ಕಣ್ಣೊರೆಸಿಕೊಂಡು ಒಪ್ಪಿಕೊಳ್ಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಟೈಲರಮ್ಮ ಮುಂದೆ ಬಂದು, "ನಾನು ಹೇಳಿದ್ದು," ಎಂದಳು. ಮೀಟರ್ ಮಾವ, "ಅವಳೊಬ್ಬಳೇ ಎಲ್ಲಿ, ನಾನೂ ಹೇಳಿದ್ದೇನೆ," ಎಂದರು. ಗಾರೆಯವನು, "ಸಾರ್, ಗಟ್ಟಿ ಮಾಡಿದ್ದು ನಾನು," ಎಂದ. ಆಮೇಲೆ ಯಾರು ಯಾರು ಎಂದು ತಿಳಿಯಲಿಲ್ಲ. ಓಣಿಗೆ ಓಣಿಯೇ "ನಾವು, ನಾವು" ಎನ್ನತೊಡಗಿತು. ಮರ ಕಡಿದ ದಿನ ಇದೇ ಓಣಿಯಲ್ಲಿ ಒಂದು ಕೆಮ್ಮೂ ಕೇಳಿರಲಿಲ್ಲ.

ನಿರೀಕ್ಷಕರು ತಬ್ಬಿಬ್ಬಾಗಿ, "ಆಯ್ತು, ಆಯ್ತು. ಕಸ ಎಲ್ಲಿ, ತೋರಿಸಿ," ಎಂದರು. ಮಾವ ಒಂದು ಬೊಗಸೆ ಮಣ್ಣು ತಂದು ಮುಂದೆ ಹಿಡಿದರು. ಅವರು ಕರವಸ್ತ್ರ ಇಳಿಸಿದರು, ಮೂಸಿದರು, ಬೆರಳಲ್ಲಿ ಉಜ್ಜಿದರು.

"ಇದು ಕಸ ಅಲ್ವಲ್ಲ."

ಆಗ ನಾನು ಸುಮ್ಮನಿರಲಿಲ್ಲ, ನೀನು ಬೈದರೂ ಸರಿಯೇ. "ಸ್ವಾಮಿ, ನಿಮ್ಮ ನೋಟಿಸಿನಲ್ಲಿ 'ಕಸವನ್ನು ತೆರವುಗೊಳಿಸತಕ್ಕದ್ದು' ಅಂತಿದೆ. ಎಲ್ಲಿದೆ ತೋರಿಸಿ, ಈಗಲೇ ತೆರವು ಮಾಡ್ತೀವಿ," ಎಂದೆ. ಅವರು ಗುಡ್ಡೆ ಸುತ್ತಿ ಬಂದರು, ಗೋಣಿಚೀಲದಲ್ಲಿ ಇಣುಕಿದರು, ಕೊನೆಗೆ ಇಟ್ಟಿಗೆ ಬೆಂಚಿನ ಮೇಲೆ ಕೂತು ಅವರೂ ನಕ್ಕುಬಿಟ್ಟರು. "ನನ್ನ ವರದಿ ನೀವೇ ಬರ್ದಂಗಾಯ್ತಲ್ಲಮ್ಮಾ." "ಬರೆಯೋದು ನೀವೇ ಬರೀರಿ, ಬೇಕಿದ್ರೆ ತಿದ್ದಿಕೊಡ್ತೀನಿ," ಎಂದೆ. ಸ್ಥಳದಲ್ಲಿ ಕಸ ಕಂಡುಬಂದಿಲ್ಲ ಎಂದು ಬರೆದುಕೊಂಡರು. ಒಂದು ಕಾಗುಣಿತ ತಪ್ಪಿತ್ತು, ಬಿಟ್ಟೆ.

ಬೇಲಿ ಇಲ್ಲ, ಕಾಂಕ್ರೀಟು ಇಲ್ಲ. ಜಾಗವನ್ನು ಓಣಿಯವರೇ ನೋಡಿಕೊಳ್ಳಬಹುದು. ಈ "ಬಹುದು" ಅವರದೇ ಮಾತು, ಇವತ್ತು ಕಾಗದದಲ್ಲೂ ಬಂತು. ಕಾರಿನವರು ಕಾರು ಒಳಗಿಟ್ಟುಕೊಂಡರು. ಸಂಜೆ ಅವರ ಮನೆಯ ಹುಡುಗಿ ಬಕೆಟ್ ತಂದಳು. ಮಾವ ಇಣುಕಿ ನೋಡಿ, "ಹೊಸ ಕನೆಕ್ಷನ್ನು" ಎಂದರು.

ಒಂದೇ ಷರತ್ತು. ಜವಾಬ್ದಾರರು ಯಾರೆಂದು ಬೋರ್ಡಿನಲ್ಲಿ ಬರೆದಿರಬೇಕು. ಒಡೆಸುವುದಿಲ್ಲ. ಕಟ್ಟೆಯ ಮುಖ ನುಣುಪಾಗಿದೆ, ಹೂತ ಸಾಲಿನ ಮೇಲೇ ಹೊಸ ಸಾಲು ಬರೆಯಬೇಕು. ಪ್ರಶ್ನೆ ಒಳಗಿರಲಿ, ಉತ್ತರ ಹೊರಗೆ:

ಎಂದು ಹೇಳಿದವರು ನಾವು.

ಸಿಮೆಂಟು ಕಟ್ಟೆಯನ್ನು ಲಾರಿಗೆ ಹಾಕಿ ಕಳಿಸಲಾಗದು. ನೀನೇ ಬರಬೇಕು. ಬಸ್ ನಿಲ್ದಾಣದಿಂದ ಮನೆಯವರೆಗೆ ನಾನು ನೆಲ ನೋಡಿಕೊಂಡು ನಡೆಯುತ್ತೇನೆ, ಸರಿಯೇ?

ಅಕ್ಕ

*

ನವೆಂಬರ್ 9

ಅಕ್ಕಾ,

ಭಾನುವಾರದ ಮೊದಲ ಬಸ್ಸಿಗೆ ಬರುತ್ತೇನೆ. ಬಣ್ಣ, ಕುಂಚ ತರುತ್ತೇನೆ. ನೀನು ಕೆಂಪು ಪೆನ್ನು ಬೀರುವಿನಲ್ಲಿಟ್ಟು ಬೀಗ ಹಾಕು.

ಸೈಕಲ್ ರಿಪೇರಿಯವನೂ ಬರುತ್ತಾನಂತೆ. ಆ ಬೋರ್ಡು ನೋಡದೆ ಅವನಿಗೆ ಕೆಲಸ ಹತ್ತುತ್ತಿಲ್ಲ.

ತಮ್ಮ

*

ನವೆಂಬರ್ 21

ತಮ್ಮಯ್ಯಾ,

ಸುಖವಾಗಿ ತಲುಪಿದೆಯಾ? ಕುಂಬಳಕಾಯಿ ಬಸ್ಸಿನಲ್ಲಿ ಉರುಳಲಿಲ್ಲ ತಾನೇ?

ನೀನು ಹೋದ ಮೇಲೆ ಮನೆಯಲ್ಲಿ ಇನ್ನೂ ಬಣ್ಣದ ವಾಸನೆ ಇದೆ. ಕಿಟಕಿ ತೆರೆದಿಲ್ಲ. ಸಂಜೆ ಬೆಂಚಿನ ಮೇಲೆ ಜಾಗ ಸಿಗುವುದಿಲ್ಲ. ಕೂತವರೆಲ್ಲ ನಿನ್ನ ಹೊಸ ಸಾಲನ್ನು ಮೊದಲ ಸಾಲಿಗೆ ಸೇರಿಸಿ ಒಟ್ಟಿಗೆ ಓದುತ್ತಾರೆ, ಶಾಲೆಯ ಮಕ್ಕಳಂತೆ ಗಟ್ಟಿಯಾಗಿ. ಪಕ್ಕದ ಓಣಿಯವರು ಬಂದು ನೋಡಿದರು. ಅವರಿಗೂ ಒಂದು ಬೋರ್ಡು ಬೇಕಂತೆ. ಎರಡೂ ಸಾಲು ಹೊರಗೇ ಇರಲಿ ಎಂದು ಗಾರೆಯವನಿಗೆ ಈಗಲೇ ತಾಕೀತು ಮಾಡಿದ್ದಾರೆ.

ಒಂದು ವಿಷಯ. ನೀನು ಇಲ್ಲಿದ್ದಾಗ ಹೇಳಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ನಾಲಿಗೆ ಬಿಗಿಹಿಡಿದಿದ್ದೆ. ನಾನು ಬರೆದುಕೊಟ್ಟದ್ದು "ನಾವು". ನೀನು ಕಟ್ಟೆಯ ಮೇಲೆ ಬರೆದದ್ದು "ನಾವೇ". ಒಂದು ಅಕ್ಷರ ನನ್ನ ಪ್ರತಿಯಲ್ಲಿರುವಂತಿಲ್ಲ. ಕುಂಚ ಜಾರಿತೋ, ಬೇಕೆಂದೇ ಬರೆದೆಯೋ, ಕೇಳುವುದಿಲ್ಲ.

ಇವತ್ತು ಬೆಳಿಗ್ಗೆ ಯಾರೂ ಏಳುವ ಮುಂಚೆ, ನೀನು ಬಿಟ್ಟುಹೋದ ಸಣ್ಣ ಕುಂಚ ತೆಗೆದುಕೊಂಡು ಹೋಗಿ ಆ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು ಬಂದೆ. ಓಣಿಯವರು ಅಲಂಕಾರ ಅಂದುಕೊಂಡಿದ್ದಾರೆ. ಅಂಚಿನಲ್ಲಿ ಬರೆಯಲು ಜಾಗ ಸಾಲಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇರಲಿ.

ನಿನ್ನ ಅಕ್ಕ